ಸರ್ವಪ್ಪ ಬಾರದ ಮನೆ

ನಮ್ಮೂರಿನ ದೇವರು ಗುಡಿಯಲ್ಲಿ ನೆಟ್ಟಗೆ ಕೂತಿರುವವನಲ್ಲ. ಬೆಳಿಗ್ಗೆ ಪೂಜಾರಿ ಮಡಿವಾಳಯ್ಯನವರು ಗರ್ಭಗುಡಿಯ ಬಾಗಿಲು ತೆಗೆದಾಗ ಪೀಠ ಖಾಲಿ ಇದ್ದರೆ ಗಾಬರಿಯಾಗುವುದಿಲ್ಲ. ಒಂದು ನಿಟ್ಟುಸಿರು ಬಿಟ್ಟು, ನೀರಿನ ತಂಬಿಗೆ, ವಿಭೂತಿ, ನಾಲ್ಕು ಹೂವು ಬುಟ್ಟಿಯಲ್ಲಿಟ್ಟುಕೊಂಡು ಓಣಿ ಹಿಡಿದು ಹೊರಡುತ್ತಾರೆ. ಹುಡುಕುವುದು ಕಷ್ಟವಲ್ಲ. ಹಿಂದಿನ ದಿನ ಯಾರ ಮನೆಯಲ್ಲಿ ಬರಬಾರದ ಸಾವು ಬಂದಿದೆಯೋ ಆ ಮನೆಯ ಪಡಸಾಲೆಯಲ್ಲಿ ಕುಂಬಳಕಾಯಿ ಗಾತ್ರದ ಕರಿ ಕಲ್ಲು ಬಂದು ಕೂತಿರುತ್ತದೆ. ಅದೇ ನಮ್ಮ ದೇವರು. ಹೆಸರು ಸರ್ವೇಶ್ವರ. ಎಲ್ಲವನ್ನೂ ಬಲ್ಲವನು, ಎಲ್ಲವನ್ನೂ ಮಾಡಬಲ್ಲವನು. ನಾವು ಸಲಿಗೆಯಿಂದ ಸರ್ವಪ್ಪ ಅನ್ನುತ್ತೇವೆ.

ತುಂಬು ಬಾಳು ಬಾಳಿ ಹೋದ ಮುದುಕರ ಮನೆಗೆ ಅವನು ಬರುವುದಿಲ್ಲ. ಬಾಣಂತಿ ಹೋದರೆ ಬರುತ್ತಾನೆ. ಹಸೆಗೆ ಏರಬೇಕಾದ ಹುಡುಗನಿಗೆ ಹಾವು ಕಚ್ಚಿದರೆ ಬರುತ್ತಾನೆ. ಬಂದು ಕೂತನೆಂದರೆ ಹತ್ತಾಳು ಸೇರಿದರೂ ಅಲುಗುವುದಿಲ್ಲ. ಸತ್ತವರ ಮನೆಯವರ ಮನಸ್ಸು ಎಂದು ಒಂದಿಷ್ಟು ಹಗುರಾಗುತ್ತದೋ ಅಂದು ಅವರೇ ಎತ್ತಿದರೆ ಹೂವಿನ ಬುಟ್ಟಿಯಷ್ಟು ಹಗುರಾಗಿ ಎದ್ದುಬರುತ್ತಾನೆ. ಅಲ್ಲಿಯವರೆಗೆ ಅವನಿಗೆ ಬೈಗುಳವೇ ಮಂತ್ರಪುಷ್ಪ. ಮನೆಯವರು ಏನು ಬೇಕಾದರೂ ಅನ್ನಬಹುದು. ನಮ್ಮ ಗೌಡರ ತಾಯಿ ಮೊಮ್ಮಗ ಹೋದಾಗ ಅವನ ತಲೆಯ ಮೇಲೆ ಮಜ್ಜಿಗೆಯ ಗಡಿಗೆಯನ್ನೇ ಒಡೆದಿದ್ದಳು. ಅವನು ಸೊಲ್ಲೆತ್ತಲಿಲ್ಲ. ಎತ್ತಿದವನೇ ಅಲ್ಲ.

ಈ ಮನೆಗಳಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಯಾರೂ ದೇವರ ಪರವಾಗಿ ಮಾತಾಡಕೂಡದು. ಒಮ್ಮೆ ಪರಊರಿನ ಅಳಿಯನೊಬ್ಬ ಸಾವಿನ ಮನೆಯಲ್ಲಿ ಕೂತು, ‘ಎಲ್ಲ ಅವನ ಇಚ್ಛೆ, ಅವನು ಮಾಡಿದ್ದಕ್ಕೆ ಏನೋ ಕಾರಣ ಇರುತ್ತದೆ’ ಎಂದು ಶುರು ಹಚ್ಚಿದ. ಹೆಂಗಸರಿಬ್ಬರು ಅವನ ರಟ್ಟೆ ಹಿಡಿದು ಬೀದಿಗೆ ತಂದು ಬಿಟ್ಟರು. ಚಪ್ಪಲಿಯನ್ನು ಆಮೇಲೆ ಕೊಟ್ಟು ಕಳಿಸಲಾಯಿತು. ಇನ್ನೊಂದು ಪದ್ಧತಿ, ಸರ್ವಪ್ಪ ಕೂತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಾದ್ದರಿಂದ ಊರವರೆಲ್ಲ ತಟ್ಟೆ ಒಯ್ಯಬೇಕು. ರೊಟ್ಟಿಯೋ ಅನ್ನವೋ, ಮನೆಯಲ್ಲಿ ಇದ್ದದ್ದು. ತಟ್ಟೆ ಇಟ್ಟು, ಗೋಡೆಗೆ ಒರಗಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು ಬರಬೇಕು. ದುಃಖ ಎಲ್ಲಿದೆ ಅಂತ ನಾವು ಯಾರನ್ನೂ ಕೇಳಬೇಕಾಗಿರಲಿಲ್ಲ. ಸರ್ವಪ್ಪನ ಬೆನ್ನಿಗೆ ಹೋದರೆ ಸಾಕಿತ್ತು.

ಹೀಗೆ ನಡೆದುಕೊಂಡು ಬಂದ ಊರಿನಲ್ಲಿ ನಿಂಬೆವ್ವನ ಮಗಳು ಸಾವಂತ್ರಿ ಕಾಲುವೆಯ ಪಾಲಾದಳು.

ನಿಂಬೆವ್ವ ಚುರುಮುರಿ ಭಟ್ಟಿಯವಳು. ಊರ ಹೆಬ್ಬಾಗಿಲಾದ ಅಗಸೆಯ ಪಕ್ಕದಲ್ಲೇ ಅವಳ ಮನೆ, ಮನೆಯ ಮುಂದೆ ಭಟ್ಟಿ. ಕಾದ ಮರಳಿಗೆ ಅಕ್ಕಿ ಸುರುವಿ, ಅದು ಚಟಪಟ ಅರಳುವಾಗ ಅವಳ ಮುಖ ನೋಡಬೇಕು, ದಿನಾ ಮಾಡುವ ಕೆಲಸವನ್ನು ಅಂದೇ ಮೊದಲ ಸಲ ನೋಡಿದವಳ ಹಾಗೆ ಹಿಗ್ಗುತ್ತಿದ್ದಳು. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಆಗಲೂ ಸರ್ವಪ್ಪ ಬಂದಿದ್ದ. ಆಗ ಅವಳು ಎಳೆಯವಳು, ಬೈಯಲಿಕ್ಕೆ ನಾಲಿಗೆ ಬರಲಿಲ್ಲ. ತೊಟ್ಟಿಲಿನಲ್ಲಿದ್ದ ಕೂಸಿನ ಕಡೆ ಕೈ ತೋರಿಸಿ, ‘ಇದನ್ನಾರ ನೋಡಿಕೋ’ ಎಂದಷ್ಟೇ ಹೇಳಿ ಕಲ್ಲನ್ನು ಬೇಗನೆ ಪೂಜಾರಿಯ ಕೈಗೆ ಎತ್ತಿ ಕೊಟ್ಟಿದ್ದಳು. ಆ ಕೂಸೇ ಸಾವಂತ್ರಿ. ಊರ ತುಂಬ ಓಡಾಡಿ, ಎಲ್ಲರ ಮನೆಯ ಸುದ್ದಿಯನ್ನೂ ಎಲ್ಲರ ಮನೆಗೂ ಮುಟ್ಟಿಸುತ್ತಿದ್ದ ಬಾಯಿಬಡುಕಿ.

ಕೆರೆಯ ತೂಬು ತೆಗೆಯುವವನು ನೀರಗಂಟಿ ತಿರಕಪ್ಪ. ತೂಬು ಎತ್ತುವ ಮೊದಲು ಅವನು ಏರಿಯ ಮೇಲೆ ನಿಂತು ಜಾಗಟೆ ಬಾರಿಸಬೇಕು. ಸದ್ದು ಕೇಳಿದರೆ ಕಾಲುವೆಯಲ್ಲಿ ಬಟ್ಟೆ ಒಗೆಯುವವರು, ಈಜುವ ಮಕ್ಕಳು ಮೇಲೆ ಬರುತ್ತಾರೆ. ಅಂದು ಅವನು ಬಸರಿ ಗಿಡದ ಕೆಳಗೆ ಇಸ್ಪೀಟು ಆಡುತ್ತ ಕೂತು ಹೊತ್ತು ಮೀರಿಸಿದ. ಕೆಳಗಿನ ಗದ್ದೆಯವರು ನೀರು ನೀರು ಎಂದು ಕೂಗುತ್ತಿದ್ದುದು ಕೇಳಿ ದಡಬಡಿಸಿ ಓಡಿದವನು, ಜಾಗಟೆಯನ್ನು ಗಿಡದ ಬುಡದಲ್ಲೇ ಬಿಟ್ಟು ತೂಬು ಎತ್ತಿಬಿಟ್ಟ. ಕಾಲುವೆಯ ನಡುವೆ ಸಾವಂತ್ರಿ ಮೀನು ಹಿಡಿಯುತ್ತ ನಿಂತಿದ್ದಳು. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ತಿರಕಪ್ಪನೇ ಊರ ಮುಂದೆ ಹೀಗೆ ಹೀಗಾಯಿತು ಎಂದು ಒಪ್ಪಿಕೊಂಡ. ಕೂಸನ್ನು ಮಣ್ಣು ಮಾಡುವಾಗ ಅವನು ದೂರದಲ್ಲಿ ನಿಂತಿದ್ದ. ಹತ್ತಿರ ಬಾ ಎಂದು ಯಾರೂ ಕರೆಯಲಿಲ್ಲ.

ಅಂದು ನಿಂಬೆವ್ವ ಅಳಲಿಲ್ಲ. ಪಡಸಾಲೆ ಗುಡಿಸಿ, ಸಾರಿಸಿ, ಗೋಡೆಯ ಪಕ್ಕ ಸರ್ವಪ್ಪನಿಗೆ ಮಣೆ ಹಾಕಿ, ಎದುರಿಗೆ ಕೂತಳು. ಈ ಸಲ ಅವಳ ಹತ್ತಿರ ಮಾತು ಇತ್ತು. ಒಂದೊಂದೇ ಮಾತನ್ನು ಒಳಗೊಳಗೇ ಹೊಂದಿಸಿಕೊಂಡಿದ್ದಳಂತೆ, ಆಮೇಲೆ ಅವಳೇ ನನಗೆ ಹೇಳಿದ್ದು. ನೋಡಿಕೋ ಅಂತ ನಿನ್ನ ಕೈಗೇ ಕೊಟ್ಟಿದ್ದೆ. ಎಲ್ಲ ಬಲ್ಲವನಿಗೆ ಜಾಗಟೆ ಬಾರಿಸಿಲ್ಲ ಅನ್ನುವುದು ಗೊತ್ತಾಗಲಿಲ್ಲವೇ? ಎಲ್ಲ ಮಾಡಬಲ್ಲವನಿಗೆ ಒಂದು ತೂಬಿನ ಹಲಗೆ ಒತ್ತಿ ಹಿಡಿಯಲು ಆಗಲಿಲ್ಲವೇ? ಗೊತ್ತಿದ್ದೂ ಹಿಡಿಯಲಿಲ್ಲವೆಂದರೆ ನೀನು ಯಾವ ಸೀಮೆಯ ದೇವರು? ಬೆಳಗಾಯಿತು. ಬಿಸಿಲು ಹೊಸ್ತಿಲಿಗೆ ಬಂತು. ಮಣೆ ಖಾಲಿಯಾಗಿಯೇ ಇತ್ತು.

ಅಷ್ಟರಲ್ಲಿ ಕೆರೆ ಓಣಿಯಿಂದ ಗದ್ದಲ ಕೇಳಿತು. ತಿರಕಪ್ಪನ ಹೆಂಡತಿ ಬಾಳವ್ವ ಸೆರಗು ಬಾಯಿಗೆ ಒತ್ತಿಕೊಂಡು ಬೀದಿಯಲ್ಲಿ ನಿಂತಿದ್ದಳು. ಒಳಗೆ ಪಡಸಾಲೆಯಲ್ಲಿ ತಿರಕಪ್ಪ ಗೋಡೆಗೆ ಬೆನ್ನು ಹಚ್ಚಿ, ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅವನ ತೊಡೆಯ ಮೇಲೆ ಸರ್ವಪ್ಪ.

ಊರಿಗೆ ಊರೇ ಬೆಂಕಿಯಾಯಿತು. ಕಳ್ಳತನದಿಂದ ತಂದಿಟ್ಟುಕೊಂಡಿದ್ದಾನೆ ಎಂದರು ಕೆಲವರು. ನಾಲ್ಕು ಜನ ಗಟ್ಟಿಗರು ಹಿಡಿದು ಎಳೆದರು, ಕಲ್ಲು ಅಲುಗಲಿಲ್ಲ. ಹಾರೆ ತಂದು ಮೀಟಬೇಕೆಂದರೆ ಕೆಳಗೆ ಮನುಷ್ಯನ ತೊಡೆ. ‘ಭಾರ ಆಗ್ತದೇನೋ?’ ಎಂದು ಮಡಿವಾಳಯ್ಯನವರು ಕೇಳಿದ್ದಕ್ಕೆ ತಿರಕಪ್ಪ ಕಣ್ಣು ಬಿಡದೆಯೇ, ‘ನೋವಿಲ್ಲರೀ ಅಯ್ಯಾರ. ಏಳಾಕ ಬರವಲ್ದು, ಅಷ್ಟ’ ಎಂದ. ಅವನನ್ನು ಊರು ಬಿಡಿಸಬೇಕೆಂದು ಕಟ್ಟೆಯ ಮೇಲೆ ಹಿರಿಯರು ತೀರ್ಮಾನಿಸಿದ್ದರು. ಏಳಲಾರದವನನ್ನು ಊರು ಬಿಡಿಸುವುದು ಹೇಗೆ? ಸರ್ವಪ್ಪನಿಗೆ ವಯಸ್ಸಾಯಿತು, ದಾರಿ ತಪ್ಪಿದ ಎಂದು ಒಬ್ಬರು. ಇಲ್ಲ, ಆ ಇಸ್ಪೀಟಿನವನ ಮುಖ ನೋಡಿ ಮರುಳಾದ ಎಂದು ಇನ್ನೊಬ್ಬರು.

ಮಧ್ಯಾಹ್ನದ ಹೊತ್ತಿಗೆ ತಟ್ಟೆಗಳು ಹೊರಟವು. ಎಂದಿನಂತೆ ಮನೆಮನೆಯಿಂದ ಹೆಂಗಸರು ತಟ್ಟೆಯ ಮೇಲೆ ಬಟ್ಟೆ ಮುಚ್ಚಿಕೊಂಡು ಬೀದಿಗೆ ಬಂದರು. ನಾನೂ ಬಂದೆ, ನನ್ನ ತಟ್ಟೆಯಲ್ಲಿ ಬದನೆಕಾಯಿ ಪಲ್ಯ ಇತ್ತು. ಅಗಸೆಯ ಹತ್ತಿರ ಬಂದವರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು. ಎಡಕ್ಕೆ ಹೋದರೆ ನಿಂಬೆವ್ವನ ಮನೆ, ಬಲಕ್ಕೆ ಹೋದರೆ ತಿರಕಪ್ಪನ ಮನೆ. ಸರ್ವಪ್ಪ ಇಲ್ಲದ ಮನೆಗೆ ತಟ್ಟೆ ಒಯ್ದು ನಮಗೆ ಗೊತ್ತಿಲ್ಲ. ಅಲ್ಲಿ ಹೋಗಿ ಯಾವ ಗೋಡೆಗೆ ಒರಗುವುದು, ಯಾರ ಕಡೆ ಮುಖ ಮಾಡಿ ಕೂರುವುದು? ತಿರಕಪ್ಪನ ಮನೆಗೆ ಒಯ್ಯಲು ಸಿಟ್ಟು ಬಿಡದು. ಪದ್ಧತಿ ತಪ್ಪಿಸಬಾರದು ಎಂದು ಕೆಲವರು ಮುಖ ಸಿಂಡರಿಸಿಕೊಂಡು ಬಲಕ್ಕೆ ಹೋಗಿ, ತಟ್ಟೆಯನ್ನು ಬಾಗಿಲಲ್ಲಿ ಕುಕ್ಕಿ ಬಂದರು. ಉಳಿದವರು ಸಾರು ಆರುವವರೆಗೆ ನಿಂತು ಮನೆಗೆ ಹೋದರು. ಎಡಕ್ಕೆ ಒಬ್ಬರೂ ಹೋಗಲಿಲ್ಲ. ಬೇಕೆಂದು ಬಿಟ್ಟವರು ಯಾರೂ ಇಲ್ಲ. ದೇವರ ಹಿಂದೆ ನಡೆದೂ ನಡೆದೂ, ಅವನಿಲ್ಲದೆ ನಡೆಯುವುದೇ ನಮ್ಮ ಕಾಲಿಗೆ ಮರೆತುಹೋಗಿತ್ತು.

ಮಗಳು ಹೋದ ಮೇಲೆ ನಿಂಬೆವ್ವನಿಗೆ ಆದ ಇನ್ನೊಂದು ಪೆಟ್ಟು ಇದು. ಸರ್ವಪ್ಪ ಬಾರದ ಸಾವು ಬರಬಾರದ ಸಾವಲ್ಲ, ಅದು ಸುಮ್ಮನೆ ಆಗುವ ಸಾವು. ಒಣಗಿದ ಎಲೆ ಉದುರಿದ ಹಾಗೆ. ಹಾಗಾದರೆ ನನ್ನ ಸಾವಂತ್ರಿ ಲೆಕ್ಕಕ್ಕೇ ಇಲ್ಲವೇ? ಮೀನಿಗಾಗಿ ನೀರಿಗಿಳಿದ ಕೂಸು, ಬರಬೇಕಾದ ಹೊತ್ತು ಬಂತು ಹೋಯಿತು, ಇಷ್ಟೇಯೇ? ಅವಳಿಗೆ ಬೇಕಾದದ್ದು ಒಂದೇ. ಆ ಕಲ್ಲನ್ನು ಆ ತೊಡೆಯಿಂದ ಕಿತ್ತು ತಂದು ತನ್ನ ಮನೆಯ ಮಣೆಯ ಮೇಲೆ ಕೂರಿಸಬೇಕು. ತನ್ನ ಮಗಳ ಸಾವು ಸಾವೇ ಎಂದು ಊರೂ ದೇವರೂ ಒಪ್ಪಬೇಕು. ಹಾಗೆ ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ, ತಲೆ ಬಾಚದೆ, ಬಾಗಿಲಿಗೆ ಅಗುಳಿ ಹಾಕದೆ, ನಿಂಬೆವ್ವ ಕೆರೆ ಓಣಿಯ ಕಡೆ ನಡೆದಳು. ಅವಳ ಹಿಂದೆ ನಾವು.

ತಿರಕಪ್ಪನ ಬಾಗಿಲಲ್ಲಿ ಅವಳು ಗಕ್ಕನೆ ನಿಂತಳು. ಸರ್ವಪ್ಪನನ್ನು ಬೈಯುವ ಹಕ್ಕು ಅವನು ಕೂತ ಮನೆಯವರಿಗೆ ಮಾತ್ರ. ಪರರ ಮನೆಯಲ್ಲಿ ನಿಂತು ಬೈದವರಿಲ್ಲ. ಬಾಳವ್ವ ಓಡಿಬಂದು ಅವಳ ಕೈ ಹಿಡಿದುಕೊಂಡಳು.

‘ಒಳಗ ಬಾ ಯಕ್ಕಾ. ಈ ಮನೀ ನಿಂದ ಅಂತ ತಿಳಿ. ಎಷ್ಟ ಬೈಯ್ತಿ ಅಷ್ಟ ಬೈ. ನಮ್ಮನ್ನೂ ಸೇರಿಸಿ ಬೈ.’

‘ಹಕ್ಕ ನೀ ಕೊಡಾಕಿ ಆದೇನು?’ ಎಂದು ನಿಂಬೆವ್ವ ಕೈ ಕೊಸರಿಕೊಂಡಳು. ಆದರೂ ಒಳಗೆ ಹೋದಳು. ತಿರಕಪ್ಪನ ಗಡ್ಡ ಬೆಳೆದಿತ್ತು, ತುಟಿ ಒಡೆದಿತ್ತು. ಊರವರು ಕುಕ್ಕಿಹೋದ ತಟ್ಟೆಗಳನ್ನು ಅವನು ಮುಟ್ಟಿರಲಿಲ್ಲ. ಅವಳು ಅವನ ಮುಖ ನೋಡಲಿಲ್ಲ. ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

‘ಇಲ್ಲಿ ಯಾಕ ಕುಂತಿ?’

ಉತ್ತರ ಕೊಟ್ಟವಳು ಬಾಳವ್ವ. ಅವಳು ಇಷ್ಟು ದಿನ ಯಾರಿಗೂ ಹೇಳದಿದ್ದದ್ದನ್ನು ಬಾಗಿಲಿಗೆ ಆತು ನಿಂತು ಹೇಳಿದಳು.

‘ಮಣ್ಣ ಮಾಡಿ ಬಂದ ಮ್ಯಾಲ ಇಂವ ಕಾಲುವಿಗೆ ಬೀಳಾಕ ಹೊಂಟಿದ್ದ ಯಕ್ಕಾ. ನಸಿಕಿನ್ಯಾಗ. ನಾ ಕಾಲಿಗೆ ಬಿದ್ನಿ, ಕೇಳಲಿಲ್ಲ. ಚಪ್ಪಲಿ ಮೆಟ್ಟಾಕ ಅಂತ ಒಂದ ಗಳಿಗಿ ಇಲ್ಲಿ ಕುಂತ. ಕುಂತಾಂವ ಏಳಾಕ ಹೋದ್ರ ತೊಡಿ ಮ್ಯಾಲ ಇದು. ಅವತ್ತಿಂದ ಹಿಂಗ ಅದಾನ. ಇದು ಎದ್ದ ದಿನ ಇಂವ ಉಳ್ಯಾಂಗಿಲ್ಲ.’

‘ಹಂಗಂದ್ರ ಸರ್ವಪ್ಪ ಇವನನ್ನ...’ ಎಂದು ಬಾಯಿ ತೆರೆದ ಮಡಿವಾಳಯ್ಯನವರು ಪದ್ಧತಿ ನೆನಪಾಗಿ ಬಾಯಿ ಮುಚ್ಚಿಕೊಂಡರು. ದೇವರ ಪರ ಒಂದಕ್ಷರ ಆಡಿದ್ದರೂ ಅಂದು ಅವರ ರಟ್ಟೆಗೂ ಕೈ ಬೀಳುತ್ತಿತ್ತು. ನಿಂಬೆವ್ವ ಮಾತ್ರ ಕಲ್ಲನ್ನು ನೋಡುತ್ತಲೇ ಇದ್ದಳು. ಅವಳ ಕುತ್ತಿಗೆಯ ನರ ಉಬ್ಬಿತು. ಹೊಂದಿಸಿಟ್ಟುಕೊಂಡಿದ್ದ ಮಾತು ಒಂದೂ ಉಳಿದಿರಲಿಲ್ಲ, ಬೇರೆಯೇ ಬಂತು.

‘ಹಂಗಾರ ನಿನಗ ಬರ್ತತಿ! ಅಡ್ಡ ಕುಂದರಾಕ ಬರ್ತತಿ ನಿನಗ! ಇಷ್ಟ ದಿನ ನಾ ಅಂದ್ಕೊಂಡಿದ್ನಿ, ಪಾಪ, ಇದು ಕಲ್ಲು, ಇದರ ಕೈಲಿ ಏನೂ ಆಗಾಂಗಿಲ್ಲ, ಆಗಲಾರದ್ದಕ್ಕ ಬಂದು ನಮ್ಮ ಜೋಡಿ ಕುಂತು ದುಃಖ ಮಾಡ್ತತಿ ಅಂತ. ಇವನ ತೊಡಿ ಮ್ಯಾಲ ಕುಂತು ಇವನನ್ನ ಹಿಡಿದಿ. ತೂಬಿನ ಹಲಗಿ ಮ್ಯಾಲ ಯಾಕ ಕುಂದರಲಿಲ್ಲ? ನನ್ನ ಮಡಿಲ ಬರಿದು ಮಾಡಿ ಇವನ ತೊಡಿ ತುಂಬಿಸ್ತಿ? ಹೇಳು! ಯಾಕ ಕುಂದರಲಿಲ್ಲ?’

ಇದಕ್ಕೆ ಏನು ಹೇಳುತ್ತೀರಿ? ನನಗೆ ಮೈ ಉರಿಯಿತು, ಅಳುವೂ ಬಂತು. ಅಷ್ಟು ವರ್ಷ ಪೂಜೆ ಮಾಡಿದ ಮಡಿವಾಳಯ್ಯನವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅವರೂ ಅದನ್ನೇ ಕೇಳುತ್ತಿರುವವರ ಹಾಗೆ ಕಲ್ಲಿನ ಕಡೆಯೇ ನೋಡುತ್ತಿದ್ದರು.

ನಿಂಬೆವ್ವ ಎರಡೂ ಕೈಯಿಂದ ಕಲ್ಲನ್ನು ತಬ್ಬಿ ಎತ್ತಿದಳು. ನಾಲ್ಕು ಜನ ಗಟ್ಟಿಗರಿಗೆ ಅಲುಗದ್ದು ಅವಳ ಕೈಗೆ ಹಗುರಾಗಿ ಬಂದುಬಿಟ್ಟಿತು. ಎತ್ತಿದ ರಭಸಕ್ಕೆ ಅವಳೇ ಎರಡು ಹೆಜ್ಜೆ ಹಿಂದೆ ಹೋದಳು. ಜನರೆಲ್ಲ ‘ಹೋ’ ಎಂದರು. ಕೊನೆಗೂ ಅವನು ಅವಳವನೇ ಎಂದು ಊರಿಗೆಲ್ಲ ಗೊತ್ತಾಯಿತು. ಬಾಗಿಲಲ್ಲಿದ್ದವರು ಬದಿಗೆ ಸರಿದು ದಾರಿ ಮಾಡಿದರು. ಎದೆಗೆ ಅವುಚಿಕೊಂಡು ಅವಳು ಬೀದಿಗಿಳಿದಳು. ಅವಳ ಮನೆಯವರೆಗೆ ನೇರ ದಾರಿ, ಅಲ್ಲಿ ಮಣೆ ಹಾಕಿಯೇ ಇತ್ತು.

ಒಳಗೆ ಬಾಳವ್ವ ಚೀರಿದಳು. ತಿರಕಪ್ಪ ಗೋಡೆ ಹಿಡಿದುಕೊಂಡು ಎದ್ದಿದ್ದ. ಜೋಮು ಹಿಡಿದ ಕಾಲನ್ನು ಎಳೆಯುತ್ತ, ತಡೆದ ಹೆಂಡತಿಯ ಕೈ ಬಿಡಿಸಿ ಹೊರಗೆ ಬಂದ. ನಾವು ಅವನಿಗೂ ದಾರಿ ಬಿಟ್ಟೆವು. ಹಿಡಿಯಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಅವನನ್ನು ಹಿಡಿಯುವುದು ಸರ್ವಪ್ಪನ ಕೆಲಸವಾಗಿತ್ತಲ್ಲ, ನಮ್ಮದಲ್ಲವಲ್ಲ! ನಿಂಬೆವ್ವನ ಪಕ್ಕದಿಂದ ಹಾಯುವಾಗ ಅವನು, ‘ಒಯ್ಯಿ ತಂಗಿ, ಅಂವ ನಿನ್ನಾಂವ’ ಎಂದು ಕೆರೆಯ ಕಡೆ ತಿರುಗಿದ.

ನಿಂಬೆವ್ವ ನಿಂತುಬಿಟ್ಟಳು. ಅವನು ಕಾಲೆಳೆಯುತ್ತ ಹೋಗುತ್ತಿರುವುದನ್ನು ನೋಡಿದಳು. ಕೈಯಲ್ಲಿದ್ದ ಕಲ್ಲನ್ನು ನೋಡಿದಳು. ಅವಳಿಗೆ ಇದ್ದದ್ದು ಎರಡೇ ಕೈ. ಆ ಗಳಿಗೆಯಲ್ಲಿ ಏನು ಯೋಚಿಸಿದೆ ಎಂದು ನಾನು ಆಮೇಲೆ ಕೇಳಿದ್ದಕ್ಕೆ, ‘ಏನೂ ಇಲ್ಲ, ಅಂವ ಹೊಂಟಿದ್ದ, ಅಷ್ಟ’ ಎಂದಳು.

ಅವಳು ಸರ್ವಪ್ಪನನ್ನು ಬೀದಿಯ ಧೂಳಿನಲ್ಲಿ ಧೊಪ್ಪನೆ ಬಿಟ್ಟಳು. ಓಡಿಹೋಗಿ ಎರಡೂ ಕೈಯಿಂದ ತಿರಕಪ್ಪನ ಅಂಗಿ ಹಿಡಿದು ಜಗ್ಗಿದಳು. ಇಬ್ಬರೂ ಕೆಳಗೆ ಬಿದ್ದರು.

‘ಎಲ್ಲಿ ಹೊಂಟಿ? ಹಾಂ? ಎಲ್ಲಿ ಹೊಂಟಿ ನೀನು? ಆಕಿನ್ನ ಕಡೀಕ ನೋಡಿದಾಂವ ನೀ ಒಬ್ಬನ. ನೀನೂ ಹೋದ್ರ ನಾ ಯಾರನ್ನ ಕೇಳಲಿ?’

ತಿರಕಪ್ಪನ ಮುಖ ಮೊದಲ ಸಲ ಮೇಲೆದ್ದಿತು. ಅಷ್ಟು ದಿನ ಅವನನ್ನು ಯಾಕೆ ಮಾಡಿದೆ ಎಂದು ಕೇಳಿದವರಿದ್ದರು, ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದವರಿದ್ದರು. ಏನು ನೋಡಿದೆ ಎಂದು ಕೇಳಿದವರಿರಲಿಲ್ಲ. ಅವನು ಧೂಳಿನಲ್ಲಿ ಕೂತೇ ಹೇಳಿದ. ನೀರು ಬಿಟ್ಟ ಕೂಡಲೇ ಕೆಂಪು ಲಂಗ ಕಂಡಿತು. ಹಾರಿದ. ಕೈ ಸಿಕ್ಕಿತ್ತು. ಸೇತುವೆಯ ಕಲ್ಲಿಗೆ ಬಡಿದಾಗ ಜಾರಿತು.

‘ಕೂಗಿದ್ಲೇನು?’ ನಿಂಬೆವ್ವ ಕೇಳಿದಳು. ಅವಳ ಮುಷ್ಟಿಯಲ್ಲಿ ಅವನ ಅಂಗಿ ಹಾಗೆಯೇ ಇತ್ತು. ‘ಸುಳ್ಳ ಹೇಳಬ್ಯಾಡ.’

‘ಕೂಗಿದ್ಲು.’

‘ಏನಂದ್ಲು?’

‘ಯವ್ವಾ ಅಂದ್ಲು. ನನ್ನ ಕೈ ಸಿಕ್ಕ ಮ್ಯಾಲ ಸುಮ್ಮನಾದ್ಲು. ಗಟ್ಟಿಯಾಗಿ ಹಿಡ್ಕೊಂಡಿದ್ಲು ತಂಗಿ. ಉಳೀತೀನಿ ಅಂದ್ಕೊಂಡಿದ್ಲು.’

ಆಗ ನಿಂಬೆವ್ವ ಅತ್ತಳು. ಮಗಳನ್ನು ಮಣ್ಣಿಗಿಟ್ಟಾಗ ಬಾರದ ಅಳು ಬೀದಿಯ ನಡುವೆ, ಮಗಳನ್ನು ಕೊಂದವನ ಅಂಗಿಯನ್ನು ಬಿಡದೆ, ಬಂತು. ಅವನೂ ಅಳುತ್ತಿದ್ದ. ನಮ್ಮಲ್ಲಿ ಯಾರೋ ಒಬ್ಬಳು, ಯಾರೆಂದು ಈಗ ನೆನಪಿಲ್ಲ, ಹೋಗಿ ನಿಂಬೆವ್ವನ ಪಕ್ಕ ನೆಲದ ಮೇಲೆ ಕೂತಳು. ಆಮೇಲೆ ಇನ್ನೊಬ್ಬಳು. ಒರಗಲು ಗೋಡೆಯಿಲ್ಲ, ಮುಖ ಮಾಡಲು ದೇವರಿಲ್ಲ. ಆದರೂ ಕೂರಲು ಬಂತು. ಸ್ವಲ್ಪ ಹೊತ್ತಿಗೆ ಮನೆಗೆ ಓಡಿ ಬಿಸಿ ರೊಟ್ಟಿ ತಂದವರಿದ್ದರು, ನೀರು ತಂದವರಿದ್ದರು. ತಟ್ಟೆಗಳೆಲ್ಲ ಅಂದು ಬೀದಿಯಲ್ಲೇ ಬಿಚ್ಚಿಕೊಂಡವು.

ಸರ್ವಪ್ಪ ಮಗ್ಗುಲಾಗಿ ಧೂಳಿನಲ್ಲಿ ಬಿದ್ದಿದ್ದ. ಅವನ ನೆನಪು ಯಾರಿಗೂ ಇರಲಿಲ್ಲ. ಸಂಜೆ ಮಡಿವಾಳಯ್ಯನವರು ಅಂಜುತ್ತ ಅಂಜುತ್ತ ಕೈ ಹಚ್ಚಿದರೆ ಹಗುರಾಗಿ ಎದ್ದುಬಂದ. ಅವರು ಧೂಳು ಒರೆಸಿ, ಕೂಸನ್ನು ಎತ್ತಿಕೊಂಡ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡು ಗುಡಿಗೆ ಒಯ್ದರು. ನಿಂಬೆವ್ವನ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಅವಳು ಸೋಮವಾರ ಸೋಮವಾರ ಗುಡಿಗೆ ಹೋಗಿ, ಯಾಕೆ ಕೂರಲಿಲ್ಲ ಎಂದು ಕೇಳುತ್ತಾಳೆ. ಮಡಿವಾಳಯ್ಯನವರು ಗಂಟೆ ನಿಲ್ಲಿಸಿ, ಏನಾದರೂ ಹೇಳಿಯಾನೆಂದು ತಾವೂ ಕಿವಿಗೊಟ್ಟು ನಿಲ್ಲುತ್ತಾರೆ. ದೇವರಿಲ್ಲ ಎಂದು ಅವಳು ಒಮ್ಮೆಯೂ ಅಂದಿಲ್ಲ. ಇಲ್ಲದವನ ಮೇಲೆ ಇಷ್ಟು ಸಿಟ್ಟು ಬರುವುದಿಲ್ಲವಂತೆ. ಇನ್ನು ನಮ್ಮ ವಿಷಯ. ಯಾರ ಮನೆಯಲ್ಲಾದರೂ ಅಳು ಕೇಳಿದರೆ ನಾವು ಈಗ ಪೀಠ ಖಾಲಿಯಿದೆಯೇ ಎಂದು ನೋಡಲು ಹೋಗುವುದಿಲ್ಲ. ತಟ್ಟೆ ತೆಗೆದುಕೊಂಡು ನೇರ ಆ ಮನೆಗೆ ಹೋಗುತ್ತೇವೆ. ಎಷ್ಟೋ ಸಲ ನಾವು ಹೋದ ಮೇಲೆ ಸರ್ವಪ್ಪ ಬಂದಿದ್ದಾನೆ.

ಆ ಸಂಜೆ ಜನ ಚದುರುವಾಗ ತಿರಕಪ್ಪ ಎದ್ದು ನಿಂತ. ಎಲ್ಲರ ಕಣ್ಣೂ ಅವನ ಕಾಲಿನ ಮೇಲೆ. ಅವನು ಯಾವ ಕಡೆ ತಿರುಗುವುದೆಂದು ತಿಳಿಯದೆ ನಿಂತಿದ್ದಾಗ ನಿಂಬೆವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ‘ನಾಳಿ ಮುಂಜಾನೆ ಮನೀಗೆ ಬಾ. ಎಲ್ಲಾ ನನಗ ಮತ್ತ ಹೇಳಬೇಕು’ ಎಂದಳು. ಅದು ಕ್ಷಮೆಯ ದನಿಯಲ್ಲ. ಗದರಿಕೆಯೇ. ಅವನು ಬಾಳವ್ವನ ಹೆಗಲು ಹಿಡಿದು ಮನೆಯ ಕಡೆ ನಡೆದ.

ಮರುದಿನ ಭಟ್ಟಿಗೆ ಬೆಂಕಿ ಹಾಕಲು ನಿಂಬೆವ್ವ ಬಾಗಿಲು ತೆರೆದರೆ ತಿರಕಪ್ಪ ಕಟ್ಟೆಯ ಮೇಲೆ ಕೂತಿದ್ದ. ಅವಳು ಒಳಗಿನಿಂದ ಮಣೆ ತಂದು ಅವನ ಮುಂದೆ ಹಾಕಿದಳು. ತಾನು ಹೊಸ್ತಿಲ ಮೇಲೆ ಕೂತಳು.

‘ಮೊದಲಿಂದ ಹೇಳು’ ಎಂದಳು.